ಸುಧೀರನಿಗೆ, ಅವನ ಮೊದಲ ಗೇಮಿಂಗ್ ಪಿಸಿಯ ಬಗ್ಗೆ

ಪ್ರಿಯ ಸುಧೀರ,

ನೀನು ಕಳಿಸಿದ ಅಂಗಡಿಯವರ ಕೊಟೇಶನ್ ನೋಡಿದೆ. ಇದು ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಅಲ್ಲ. ಡೊಂಬಿವಲಿಯಿಂದ ಮಾಟುಂಗಾದವರೆಗೆ ಮುಂಬಯಿಯ ನಮ್ಮ ಬಳಗದಲ್ಲೇ, ಆಟಕ್ಕೆ ಎಂಥ ಪಿಸಿ ಕಟ್ಟಬೇಕು ಎಂಬ ಇದೇ ಪ್ರಶ್ನೆ ಕೇಳುವವರು ಇನ್ನೂ ಇದ್ದಾರೆ. ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ಹಸಿರು ಬಕೆಟ್ಟಿನ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಕೊಟೇಶನ್ನಿನ ಮೊದಲ ಸಾಲು ಪ್ರೊಸೆಸರ್. ಕೊನೆಯ ಸಾಲಿನಲ್ಲಿ ‘ಎಸ್‌ಎಂಪಿಎಸ್ 650 ವ್ಯಾಟ್’ ಅಂತ ಉಂಟು, ಕಂಪನಿಯ ಹೆಸರಿಲ್ಲ. ಮಾನಿಟರ್ ಪಟ್ಟಿಯಲ್ಲೇ ಇಲ್ಲ. ನನ್ನ ತಕರಾರು ಇಲ್ಲೇ ಶುರು. ಆಟಕ್ಕೆಂದು ಪಿಸಿ ಕಟ್ಟುವವರು ಮಾನಿಟರಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಮೊದಲು ಪರದೆ, ಆಮೇಲೆ ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಆ ಕಾರ್ಡಿಗೆ ಸಾಲುವ ಪ್ರೊಸೆಸರ್, ಇವೆಲ್ಲಕ್ಕೂ ಕರೆಂಟು ಕೊಡುವ ಎಸ್‌ಎಂಪಿಎಸ್. ಅಂಗಡಿಯವರ ಪಟ್ಟಿ ತಲೆಕೆಳಗಾಗಿರುತ್ತದೆ, ಯಾಕೆಂದರೆ ಗಿರಾಕಿ ಬಾಯಿಬಿಟ್ಟು ಕೇಳುವುದು ‘ಐ7 (ಇಂಟೆಲ್ ಕಂಪನಿಯ ದುಬಾರಿ ಪ್ರೊಸೆಸರ್) ಉಂಟಾ’ ಅಂತಲೇ.

ಲೆಕ್ಕ ನೋಡು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 2560×1440ರಲ್ಲಿ 36.9 ಲಕ್ಷ. 4ಕೆ ಅಂದರೆ 82.9 ಲಕ್ಷ, 1080ರ ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಬೇಕಾದರೆ ಇಷ್ಟನ್ನೂ 16.7 ಮಿಲಿಸೆಕೆಂಡಿನಲ್ಲಿ ತುಂಬಿ ಮುಗಿಸಬೇಕು. 144 ಬೇಕಾದರೆ 6.9ರಲ್ಲಿ. ಪಿಕ್ಸೆಲ್ ಹೆಚ್ಚಾದಂತೆ ಕಾರ್ಡಿನ ಕೆಲಸ ಹೆಚ್ಚುತ್ತದೆ, ಪ್ರೊಸೆಸರಿನ ಕೆಲಸ ಅಷ್ಟಾಗಿ ಹೆಚ್ಚುವುದಿಲ್ಲ. ಹಾಗಾಗಿ 1080ರಲ್ಲಿ ವ್ಯಾಲರೆಂಟನ್ನು 240 ಹರ್ಟ್ಸಿನಲ್ಲಿ (ಸೆಕೆಂಡಿಗೆ 240 ಸಲ ಚಿತ್ರ ಬದಲಾಗುವ ಪರದೆಯಲ್ಲಿ) ಆಡುವವನಿಗೆ ಪ್ರೊಸೆಸರ್ ಮುಖ್ಯ. ಸೈಬರ್‌ಪಂಕ್ 2077ನಂಥದ್ದನ್ನು 1440ರಲ್ಲಿ ಎಲ್ಲ ಸೊಗಸು ಹಾಕಿ ನೋಡಬೇಕೆನ್ನುವ ನಿನಗೆ ಕಾರ್ಡ್ ಮುಖ್ಯ. ನಿನ್ನ ಪಟ್ಟಿಯ ಐ7ಗೆ ಹೋಗುವ ದುಡ್ಡಿನಲ್ಲಿ ಅರ್ಧ ಅಲ್ಲಿಗೆ ಸರಿಯಬೇಕು.

ಮಾನಿಟರ್ 27 ಇಂಚು, 1440, ಐಪಿಎಸ್ (ಬಣ್ಣ ಚೆನ್ನಾಗಿ ಕಾಣುವ ಪರದೆಯ ಬಗೆ), 144 ಹರ್ಟ್ಸ್ ಅಥವಾ ಮೇಲೆ. 27 ಇಂಚಿನಲ್ಲಿ 1080 ಮಾತ್ರ ಬೇಡ. ಇಂಚಿಗೆ 82 ಪಿಕ್ಸೆಲ್ ಬೀಳುತ್ತದೆ, ಅಕ್ಷರಗಳ ಅಂಚು ಒಡೆದು ಕಾಣುತ್ತದೆ. ನೀನು ಹಗಲೆಲ್ಲ ಅದರಲ್ಲೇ ಎಕ್ಸೆಲ್ ನೋಡುವವನು. 1440ರಲ್ಲಿ ಅದು 109 ಆಗುತ್ತದೆ, ಕಣ್ಣಿಗೆ ಹಿತ.

ಈಗ ಕಾರ್ಡ್. ಇಲ್ಲಿ ಒಂದು ಅಪಾಯ ಉಂಟು, ಸರಿಯಾಗಿ ಕೇಳು. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಮೆಮೊರಿಯದೂ ಬರುತ್ತದೆ, 16 ಜಿಬಿಯದೂ ಬರುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೇ. ಕೊಟೇಶನ್ನಿನಲ್ಲಿ ಬರೀ ‘5060 ಟಿಐ’ ಅಂತ ಇದ್ದರೆ ಅದು 8 ಜಿಬಿಯದೇ ಎಂದು ಭಾವಿಸಿ ಕೇಳು. ಡಬ್ಬಿಯ ಮುಖದ ಮೇಲೆ ಅಂಕಿ ಓದದೆ ದುಡ್ಡು ಕೊಡಬೇಡ. 1440ರಲ್ಲಿ ಹೊಸ ಆಟಗಳ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) 8 ಜಿಬಿಯಲ್ಲಿ ಹಿಡಿಯದಿದ್ದಾಗ ಮಿಕ್ಕಿದ್ದು ಕಾರ್ಡನ್ನೂ ಬೋರ್ಡನ್ನೂ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಮೇನ್ ರ್‍ಯಾಮಿಗೆ ಹರಿಯುತ್ತದೆ. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನ. ಸರಾಸರಿ ಫ್ರೇಮ್ ರೇಟ್ ನೋಡಿದರೆ 70 ಅಂತ ಚೆನ್ನಾಗಿಯೇ ಕಾಣುತ್ತದೆ, ಆದರೆ ತಿರುವಿನಲ್ಲಿ ಗಾಡಿ ತಿರುಗಿಸುವಾಗ ಚಿತ್ರ ಒಂದು ಕ್ಷಣ ಕಚ್ಚಿಕೊಳ್ಳುತ್ತದೆ. ಆಡುವ ಸುಖ ಹಾಳಾಗುವುದು ಅಲ್ಲೇ. ಬರೀ ಆಟಕ್ಕಾದರೆ 9060 ಎಕ್ಸ್‌ಟಿ 16 ಜಿಬಿ ನನ್ನ ಆಯ್ಕೆ. ತಂಗಿ ಅದರಲ್ಲೇ ವಿಡಿಯೋ ಎಡಿಟಿಂಗ್, ಬ್ಲೆಂಡರಿನಲ್ಲಿ 3ಡಿ ಚಿತ್ರ ಮಾಡುತ್ತಾಳೆ ಅಂದರೆ 5060 ಟಿಐ 16 ಜಿಬಿ.

ಪ್ರೊಸೆಸರಿಗೆ ಎಎಂಡಿಯ ರೈಜೆನ್ 5 7600 ಸಾಕು. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಅದರ ಎಎಂ5 ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 2022ರಲ್ಲಿ ಬಂದದ್ದು. 2027ರವರೆಗೂ ಅದರಾಚೆಗೂ ಅದಕ್ಕೆ ಹೊಸ ಚಿಪ್ ಕೊಡುತ್ತೇವೆಂದು ಎಎಂಡಿ ಹೇಳಿದೆ. ಇನ್ನು ಕೆಲವು ವರ್ಷ ಬಿಟ್ಟು ಬೋರ್ಡ್ ಬದಲಿಸದೆ ಆಟಕ್ಕೆ ಇನ್ನೂ ವೇಗದ ಒಂದು 7800ಎಕ್ಸ್3ಡಿಯನ್ನೋ ಅದಕ್ಕಿಂತ ಹೊಸದನ್ನೋ ಕೂರಿಸಬಹುದು. 7500ಎಫ್ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರೊಳಗೆ ಪರದೆಗೆ ಚಿತ್ರ ಕಳಿಸುವ ಭಾಗ ಇಲ್ಲ. ಕಾರ್ಡ್ ವಾರಂಟಿಗೆ ಹೋದಷ್ಟು ದಿನ ಇಡೀ ಪಿಸಿ ಕತ್ತಲೆ. ನಿನ್ನ ಪಟ್ಟಿಯ ಐ7 14ನೇ ತಲೆಮಾರಿನದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಹಲವು ಹೆಚ್ಚು ವೋಲ್ಟೇಜ್ ಎಳೆದುಕೊಂಡು ಕೆಡುತ್ತಿದ್ದವು. 2024ರಲ್ಲಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ತಂತ್ರಾಂಶ) ಕೊಟ್ಟು ಅದನ್ನು ಸರಿಪಡಿಸಿದರು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಕೆಟ್ಟ ಚಿಪ್ ಮೈಕ್ರೋಕೋಡಿನಿಂದ ವಾಸಿಯಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಐ7, ಐ9 ಯಾರಾದರೂ ಒಳ್ಳೆಯ ರೇಟಿಗೆ ಕೊಡುತ್ತೇನೆಂದರೆ ಕೈ ಮುಗಿದು ಬಾ.

ಬೋರ್ಡ್ ಬಿ650, ಮೈಕ್ರೋ ಎಟಿಎಕ್ಸ್. ಎಸ್‌ಎಸ್‌ಡಿ ಕೂರುವ ಎರಡು ಎಂ.2 ಸ್ಲಾಟ್, ಹಿಂದೆ ಬಯೋಸ್ ಫ್ಲ್ಯಾಷ್‌ಬ್ಯಾಕ್ ಬಟನ್ (ಬೋರ್ಡಿನ ತಂತ್ರಾಂಶ ಹೊಸದು ಹಾಕುವ ಗುಂಡಿ), ವೈ-ಫೈ, ಇಷ್ಟಿದ್ದರೆ ಆಯ್ತು. ಎಸ್‌ಎಸ್‌ಡಿ 1 ಟಿಬಿ, ಜೆನ್ 4 (ವೇಗದ ತಲೆಮಾರು), ಟಿಎಲ್‌ಸಿಯದು (ಬಾಳಿಕೆ ಬರುವ ಮೆಮೊರಿಯ ಬಗೆ). ಜೆನ್ 5ರಿಂದ ಆಟಕ್ಕೆ ಕೊಟ್ಟ ದುಡ್ಡಿನಷ್ಟು ಲಾಭವಿಲ್ಲ.

ರ್‍ಯಾಮ್ ವಿಷಯ. ಕೊಟೇಶನ್ನಿನಲ್ಲಿ 16 ಜಿಬಿಯ ಒಂದೇ ಕಡ್ಡಿ ಬರೆದಿದ್ದಾರೆ. ಒಂದೇ ಕಡ್ಡಿ ಹಾಕಿದರೆ ಎರಡು ಚಾನೆಲ್ಲಿನಲ್ಲಿ ಒಂದು ಖಾಲಿ, ಹರಿವು ಅರ್ಧ. ಬೇಕಾದ್ದು 16ರ ಎರಡು, ಡಿಡಿಆರ್5 6000 (ವೇಗ), ಸಿಎಲ್ 30 (ಈ ಅಂಕಿ ಕಡಿಮೆಯಿದ್ದಷ್ಟೂ ಚುರುಕು). ಎರಡೂ ಒಂದೇ ಕಿಟ್ಟಿನವು. ಈಗ ಎರಡು, ಆಮೇಲೆ ಇನ್ನೆರಡು ಅಂತ ಯೋಜನೆ ಬೇಡ. ನಾಲ್ಕು ಕಡ್ಡಿ ಆದಾಗ ಎಎಂ5 ಬೋರ್ಡುಗಳು 6000ದಲ್ಲಿ ನಿಲ್ಲಲು ಒದ್ದಾಡುತ್ತವೆ, ವೇಗ ಇಳಿಸಬೇಕಾಗುತ್ತದೆ.

ಇದರ ಈಗಿನ ಬೆಲೆ ನಿನಗೂ ಗೊತ್ತು. 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ರೇಟು ಎರಡು ಪಟ್ಟು, ಮೂರು ಪಟ್ಟು ಏರಿತು. ಜಗತ್ತಿನ ಡಿರ್‍ಯಾಮಿನಲ್ಲಿ ಬಹುಪಾಲು ಮಾಡುವವರು ಮೂರೇ ಕಂಪನಿಯವರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ನವರು ಹೆಚ್ಚು ಕೊಡುತ್ತಾರೆ, ಹಾಗಾಗಿ ಕಾರ್ಖಾನೆಯ ವೇಫರುಗಳು (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳು) ಆ ಕಡೆ ತಿರುಗಿದವು. ಡಿಸೆಂಬರ್ 2025ರಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಮನೆಯಲ್ಲಿ ಪಿಸಿ ಕಟ್ಟುವವರು ಮೂವತ್ತು ವರ್ಷದ ಹತ್ತಿರ ಕೊಳ್ಳುತ್ತಿದ್ದ ಹೆಸರು ಅದು.

ಈ ಸುದ್ದಿ ಓದಿದ ಮೇಲೆ ಒಂದು ಅಳುಕು ಹೋಗುತ್ತಲೇ ಇಲ್ಲ, ಸುಧೀರ. 2021ರಲ್ಲಿ ಕ್ರಿಪ್ಟೋ ನಾಣ್ಯದ ಮೈನಿಂಗ್‌ನವರು ಕಾರ್ಡುಗಳನ್ನೆಲ್ಲ ಗುಡಿಸಿಕೊಂಡು ಹೋದಾಗಲೂ ಬೆಲೆ ಹೀಗೇ ಏರಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಆ ನಾಣ್ಯ ತನ್ನ ಪದ್ಧತಿ ಬದಲಿಸಿ ಮೈನಿಂಗ್ ಬಿಟ್ಟಿತು, ಬೆಲೆ ಇಳಿಯಿತು. ಆದರೆ ಆಗ ನಮಗೆ ಬೇಕಾದ ಸಾಮಾನಿಗೇ ಇನ್ನೊಬ್ಬರು ನುಗ್ಗಿದ್ದರು, ಅಷ್ಟೆ. ಈ ಸಲ ಸಾಮಾನು ಮಾಡುವವರೇ ನಮ್ಮ ಕಡೆಯಿಂದ ಮುಖ ತಿರುಗಿಸುತ್ತಿದ್ದಾರೆ. ಫೋನು ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಎಷ್ಟೋ ಲ್ಯಾಪ್‌ಟಾಪಿನ ರ್‍ಯಾಮ್ ಬೋರ್ಡಿಗೇ ಬೆಸುಗೆ. ನಮ್ಮಂಥ ಸಂಬಳದವರು ಸ್ಕ್ರೂ ಬಿಚ್ಚಿ, ಒಳಗೆ ನೋಡಿ, ಒಂದು ಭಾಗ ತೆಗೆದು ಇನ್ನೊಂದು ಹಾಕಬಹುದಾದ ಯಂತ್ರ ಮನೆಯಲ್ಲಿ ಇದೊಂದೇ ಉಳಿದದ್ದು. ‘ರೆಡಿಮೇಡ್ ತಗೊಂಡರೆ ಆಗಲ್ವಾ’ ಅಂತ ನೀನು ಕೇಳಿದಾಗ ನಾನು ಉತ್ತರಿಸದೆ ಇದ್ದದ್ದು ಅದಕ್ಕೇ. ದುಡ್ಡಿನ ಲೆಕ್ಕದಲ್ಲಿ ನಿನ್ನ ಮಾತು ತಪ್ಪಲ್ಲ. ರ್‍ಯಾಮ್ ಮೊದಲೇ ಹಳೆ ರೇಟಿಗೆ ಕೊಂಡಿಟ್ಟುಕೊಂಡವರ ರೆಡಿಮೇಡ್ ಪಿಸಿ ಕೆಲವು ಸಲ ಬಿಡಿಭಾಗಕ್ಕಿಂತ ಅಗ್ಗಕ್ಕೇ ಬೀಳುತ್ತದೆ.

ಆದರೂ ನೀನು ಕಟ್ಟಬೇಕು ಅಂತ ನನಗೆ ಆಸೆ. ನಾವಿಬ್ಬರೂ ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿರುವವರು. ಗೋಡೆಗೆ ಮೊಳೆ ಹೊಡೆಯಬೇಕಾದರೆ ಓನರನ್ನು ಕೇಳಬೇಕು. ಊರಿನಲ್ಲಿ ಅಪ್ಪಂದಿರು ಮನೆ ಕಟ್ಟಿಸುವಾಗ ಕಲ್ಲು ಎಲ್ಲಿಯದು, ಬಾಗಿಲಿಗೆ ಮರ ಯಾವುದು ಎಂದು ತಿಂಗಳುಗಟ್ಟಲೆ ಯೋಚಿಸಿ ಆರಿಸುತ್ತಿದ್ದರು. ಈ ಮುಂಬಯಿಯಲ್ಲಿ ಒಂದೊಂದೇ ಭಾಗ ನಾವೇ ಆರಿಸಿ, ನಮ್ಮ ಕೈಯಿಂದ ಕಟ್ಟಿ, ಇದು ಹೀಗೇ ಇರಲಿ ಎಂದು ನಾವೇ ತೀರ್ಮಾನಿಸಲು ಸಿಗುವುದು ಏನಿದೆ ಹೇಳು. ನನಗೆ ಈ ಒಂದೂವರೆ ಅಡಿಯ ಪೆಟ್ಟಿಗೆ ಬಿಟ್ಟು ಬೇರೆ ಕಾಣುವುದಿಲ್ಲ. ಅದೂ ಕೈತಪ್ಪಿದರೆ ಎಂಬ ಯೋಚನೆ ರಾತ್ರಿ ಹೊತ್ತು ಬರುತ್ತದೆ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಎದುರಿಗೆ ಇದ್ದಿದ್ದರೆ ನೀನು ಇಷ್ಟು ಹೊತ್ತಿಗೆ ಎರಡು ಕಟಿಂಗ್ ಚಹಾ ಹೇಳಿ, ಕಾಮತರ ಛತ್ರಿಯ ಕಥೆ ತೆಗೆದು, ಮಾತು ಬದಲಿಸಿರುತ್ತಿದ್ದೆ. ಸರಿ, ನಾನೇ ಬದಲಿಸುತ್ತೇನೆ. 16ರ ಎರಡು ಕಡ್ಡಿ ಬಿಡಬೇಡ. ಆ ದುಡ್ಡು ಬಣ್ಣದ ಲೈಟಿನ ಫ್ಯಾನು, ಗಾಜಿನ ಕ್ಯಾಬಿನೆಟ್, ನೀರಿನ ಕೂಲರ್, ಈ ಮೂರರಲ್ಲಿ ಕಡಿತ ಮಾಡು. ಭಾವನ ಆಫೀಸಿನ ಹಳೆ ಪಿಸಿಯಲ್ಲಿ ಡೆಸ್ಕ್‌ಟಾಪಿನ ಡಿಡಿಆರ್4 ಕಡ್ಡಿಗಳಿದ್ದು ಅವನು ಕೊಡುತ್ತಾನೆಂದರೆ ಲೆಕ್ಕವೇ ಬೇರೆ. ಆಗ ಬಿ550 ಬೋರ್ಡ್, ರೈಜೆನ್ 5 5600 ತೆಗೆದುಕೊಂಡು ಉಳಿದದ್ದನ್ನೆಲ್ಲ ಕಾರ್ಡಿಗೆ ಹಾಕು.

ಎಸ್‌ಎಂಪಿಎಸ್‌ಗೆ ಬರೋಣ, ಪಟ್ಟಿಯಲ್ಲಿ ನನಗೆ ಸಿಟ್ಟು ಬಂದದ್ದು ಆ ಸಾಲಿಗೆ. ನಿನಗೆ ಬೇಕಾದ ಶಕ್ತಿ ಎಷ್ಟು? 7600 ಹೆಚ್ಚೆಂದರೆ 88 ವ್ಯಾಟ್, 9060 ಎಕ್ಸ್‌ಟಿ 160, ಬೋರ್ಡ್, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ ಇನ್ನೊಂದು 50, 60. ಒಟ್ಟು 310ರ ಆಸುಪಾಸು. ಒಳ್ಳೆಯ 550 ಧಾರಾಳ ಸಾಕು, ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ 650. ಸಮಸ್ಯೆ ಸಂಖ್ಯೆಯದ್ದಲ್ಲ, ಆ ಸಂಖ್ಯೆ ನಿಜವೋ ಎಂಬುದು. ಅಂಗಡಿಯಲ್ಲಿ ಎಸ್‌ಎಂಪಿಎಸ್ ಕೈಗೆ ತೆಗೆದುಕೊಂಡು ಮಗ್ಗುಲಿನ ಸ್ಟಿಕ್ಕರ್ ಓದು. ಕೋಷ್ಟಕದಲ್ಲಿ +12ವಿ ಎಂಬ ಕಂಬದ ಕೆಳಗೆ ಆಂಪಿಯರ್ ಬರೆದಿರುತ್ತದೆ. ಅದನ್ನು 12ರಿಂದ ಗುಣಿಸು. 54 ಆಂಪಿಯರ್ ಇದ್ದರೆ 648 ವ್ಯಾಟ್, ಅದು ನಿಜವಾದ 650. ಡಬ್ಬಿಯ ಮೇಲೆ 650 ಅಂತ ಬರೆದು ಆ ಕಂಬದಲ್ಲಿ 25 ಆಂಪಿಯರ್ ಇದ್ದರೆ ಪ್ರೊಸೆಸರಿಗೂ ಕಾರ್ಡಿಗೂ ಸಿಗುವುದು 300 ಮಾತ್ರ. ಕಾರ್ಡ್ ಇದ್ದಕ್ಕಿದ್ದಂತೆ ಜಾಸ್ತಿ ಎಳೆದಾಗ ಅಂಥದ್ದು ಆಫ್ ಆಗಿಬಿಟ್ಟರೆ ಪುಣ್ಯ. ರಕ್ಷಣೆಯ ಸರ್ಕ್ಯೂಟ್ ಇಲ್ಲದ್ದಾದರೆ ಸಾಯುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬುದು ಎಷ್ಟು ಕರೆಂಟು ಶಾಖವಾಗಿ ಪೋಲಾಗುತ್ತದೆ ಎಂಬುದರ ಗುರುತು ಮಾತ್ರ, ಗಟ್ಟಿತನದ ಸರ್ಟಿಫಿಕೇಟ್ ಅಲ್ಲ. ವಾರಂಟಿ ನೋಡು: ಐದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಎಟಿಎಕ್ಸ್ 3.1 (ಎಸ್‌ಎಂಪಿಎಸ್‌ನ ಹೊಸ ಮಾನದಂಡ) ಎಂದಿದ್ದರೆ ಇನ್ನೂ ಒಳ್ಳೆಯದು. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದದ್ದು) ತೆಗೆದುಕೊಂಡರೆ ಅದರ ಜೊತೆ ಬಂದ ಕೇಬಲ್ಲನ್ನೇ ಬಳಸು. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಬೇರೆಯದರ ಕೇಬಲ್ ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದೊಡನೆ ಡಿಸ್ಕ್ ಸುಟ್ಟುಹೋಗಬಹುದು.

ಎಷ್ಟೇ ಒಳ್ಳೆಯದು ತಂದರೂ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಏನು ಮಾಡುವುದು? ನಿಮ್ಮ ಬಿಲ್ಡಿಂಗ್ ಹಳೆಯದು. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಮೇಲಿನ ತೂತಿನ ಹಿಂದೆ ತಂತಿ ಇರಲೇಬೇಕೆಂದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಲ್ಲಿ ಅಳೆಸು. ಫೇಸ್‌ನಿಂದ ಅರ್ಥಿಗೆ 230ರ ಹತ್ತಿರ ಬರಬೇಕು, ನ್ಯೂಟ್ರಲ್‌ನಿಂದ ಅರ್ಥಿಗೆ ಒಂದೆರಡು ವೋಲ್ಟ್. ಅರ್ಥಿಂಗ್ ಇಲ್ಲದ ಕಡೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಕ್ಯಾಬಿನೆಟ್ಟಿನ ಲೋಹಕ್ಕೆ ಸುಮಾರು 115 ವೋಲ್ಟ್ ಹತ್ತಿ ಕೂರುತ್ತದೆ. ಕರೆಂಟು ತೀರ ಕಡಿಮೆ, ಆದರೆ ಬೆರಳು ತಾಗಿದರೆ ಜುಮ್ಮೆನ್ನುತ್ತದೆ. ಆನ್ ಇರುವಾಗ ಮಾನಿಟರ್ ಕೇಬಲ್ ಚುಚ್ಚಿದರೆ ಪೋರ್ಟ್ ಸುಡಲೂಬಹುದು. ಓನರ್ ಜೊತೆ ಇದೊಂದು ವಿಷಯಕ್ಕೆ ಜಗಳವಾಡಿದರೂ ಪರವಾಗಿಲ್ಲ.

ಯುಪಿಎಸ್ ತೆಗೆದುಕೊಳ್ಳುವುದಾದರೆ ವಿಎ ನೋಡಿ ಮೋಸಹೋಗಬೇಡ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಪಿಸಿಗೆ ಮಾನಿಟರ್ ಸೇರಿದರೆ ಅಲ್ಲಿಗೇ ಬಂತು, ಆಟದ ಮಧ್ಯೆ ಕರೆಂಟು ಹೋದರೆ ಯುಪಿಎಸ್ಸೂ ಕೂಗಿ ಮಲಗುತ್ತದೆ. 1000 ಅಥವಾ 1100 ವಿಎ ತೆಗೆದುಕೋ. ಅದು ಸೇವ್ ಮಾಡಿ ಆಫ್ ಮಾಡಲಿಕ್ಕೆ, ಆಡುತ್ತಾ ಕೂರಲಿಕ್ಕಲ್ಲ.

ಕ್ಯಾಬಿನೆಟ್ ಚಿಕ್ಕದಿರಲಿ, ಮನೆ ಬದಲಿಸುವಾಗ ತೊಂದರೆಯಿಲ್ಲ. ಟೆಂಪೋಗೆ ಏರಿಸುವ ಮುಂಚೆ ಕಾರ್ಡ್ ಬಿಚ್ಚಿ ಅದರ ಡಬ್ಬಿಗೆ ಹಾಕಬೇಕು. ಇಲ್ಲವಾದರೆ ರಸ್ತೆಯ ಹೊಂಡಗಳಿಗೆ ಅದರ ಭಾರ ತೂಗಿ ಸ್ಲಾಟ್ ಬಾಗುತ್ತದೆ. ಮುಂಭಾಗ ಜಾಲರಿ ಇರಬೇಕು, ಗಾಜು ಬೇಡ. ಮುಂದೆ ಎರಡು ಫ್ಯಾನು ಗಾಳಿ ಎಳೆಯಲಿ, ಹಿಂದೆ ಒಂದು ಹೊರಹಾಕಲಿ. ನಿನ್ನ ಕೋಣೆಗೆ ಎಸಿ ಇಲ್ಲ. ಹೊರಗೆ 34 ಡಿಗ್ರಿ ಇದ್ದರೆ ಒಳಗಿನ ಶಾಖ ಅದರ ಮೇಲೆ ಏರುವುದು. ಮಳೆಗಾಲದಲ್ಲಿ ನೆಲದ ಮೇಲೆ ಇಡಬೇಡ, ವಾರಗಟ್ಟಲೆ ಆಫ್ ಮಾಡಿ ಮೂಲೆಗೂ ತಳ್ಳಬೇಡ. ದಿನಾ ಸ್ವಲ್ಪ ಹೊತ್ತು ಓಡಿದರೆ ಅದರ ಶಾಖಕ್ಕೇ ತೇವ ಆರುತ್ತದೆ. ಒದ್ದೆ ಹವೆಯಲ್ಲಿ ಧೂಳು ಹೆಪ್ಪುಗಟ್ಟಿ ಕೂರುತ್ತದೆ, ಫಿಲ್ಟರ್ ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕು.

ಖರೀದಿಗೆ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿ, ಪೂರ್ವದ ಕಡೆ ಬಾ. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತಿರುತ್ತದೆ, ಅದು ಅದೇ ರಸ್ತೆಯ ಹೆಸರು, ಗಾಬರಿಯಾಗಬೇಡ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಿಗ್ಗೆಯೇ ಸರಿ. ‘ಬಿಲ್ ಬೇಡವಾದರೆ ಇನ್ನೂ ಕಮ್ಮಿ’ ಅಂದರೆ ತಲೆ ಆಡಿಸಬೇಡ. 18 ಶೇಕಡ ಜಿಎಸ್‌ಟಿ ಕೊಟ್ಟು ಪಕ್ಕಾ ಬಿಲ್ ಮಾಡಿಸು, ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿ ಬರೆಸು. ವಾರಂಟಿ ಕೇಳುವಾಗ ಅದೇ ಆಧಾರ. ಇನ್ನೊಂದು, ಬೋರ್ಡಿನ ಡಬ್ಬಿಯನ್ನು ದುಡ್ಡು ಕೊಡುವ ಮುಂಚೆ ಅಲ್ಲೇ ಬಿಚ್ಚಿಸು. ಎಎಂ5ರಲ್ಲಿ 1718 ಪಿನ್ ಇರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿ. ಕಪ್ಪು ಮುಚ್ಚಳ ತೆಗೆಸಿ ಫೋನಿನ ಟಾರ್ಚ್ ಓರೆಯಾಗಿ ಹಿಡಿ. ಪಿನ್ನುಗಳೆಲ್ಲ ಒಂದೇ ಸಮ ಮಿನುಗಬೇಕು. ಒಂದು ಕಡೆ ಮಿನುಗು ಮುರಿದಿದ್ದರೆ ಅಲ್ಲಿ ಪಿನ್ ಬಾಗಿದೆ ಅಂತಲೇ ಅರ್ಥ, ಮನೆಗೆ ತಂದ ಮೇಲೆ ಅದನ್ನು ಯಾರೂ ವಾರಂಟಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಫೋಟೋ ತೆಗೆದಿಟ್ಟುಕೋ, ಮುಚ್ಚಳವನ್ನೂ ಜೋಪಾನ ಮಾಡು. ಮಾನಿಟರನ್ನು ಮಾತ್ರ ಮನೆಗೆ ಕಳಿಸಲು ಹೇಳು. ಸಂಜೆಯ ಲೋಕಲಿನಲ್ಲಿ ಅದನ್ನು ಹಿಡಿದು ನಿಲ್ಲುವುದಕ್ಕೆ ಆಗುವುದಿಲ್ಲ.

ಜೋಡಿಸುವಾಗ ನಾನೂ ಇರುತ್ತೇನೆ, ಆದರೆ ಸ್ಕ್ರೂಡ್ರೈವರ್ ನಿನ್ನ ಕೈಯಲ್ಲೇ ಇರಬೇಕು. ಮೊದಲು ಬೋರ್ಡನ್ನು ಅದರ ಡಬ್ಬಿಯ ಮೇಲೆ ಇಟ್ಟು, ಪ್ರೊಸೆಸರ್, ಕೂಲರ್, ರ್‍ಯಾಮ್ ಹಾಕಿ, ಹೊರಗೇ ಒಮ್ಮೆ ಆನ್ ಮಾಡಿ ನೋಡೋಣ. ರ್‍ಯಾಮ್ ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಪ್ರೊಸೆಸರಿನ ಕೇಬಲ್ 4+4, ಕಾರ್ಡಿನದು 6+2. ನೋಡಲು ಅಣ್ಣತಮ್ಮ, ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಬೇಡ. ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡ್ ರ್‍ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಪರದೆ ಹಲವು ನಿಮಿಷ ಕಪ್ಪಗೇ ಇರಬಹುದು. ಹೆಚ್ಚಿನವರು ಕೆಟ್ಟಿತು ಎಂದು ಸ್ವಿಚ್ ಆರಿಸುವುದು ಆಗಲೇ. ಹದಿನೈದು ನಿಮಿಷ ಮುಟ್ಟಬೇಡ. ಚಿತ್ರ ಬಂದ ಮೇಲೆ ಬಯೋಸಿನಲ್ಲಿ ಎಕ್ಸ್‌ಪೋ ಆನ್ ಮಾಡಬೇಕು, ಇಲ್ಲವಾದರೆ 6000ದ ರ್‍ಯಾಮ್ 4800ರಲ್ಲೇ ಓಡುತ್ತದೆ. ಕಾರ್ಡ್ ಕೂರಿಸಿದ ಮೇಲೆ ಮಾನಿಟರಿನ ಕೇಬಲ್ ಕಾರ್ಡಿಗೇ ಹೋಗಬೇಕು, ಬೋರ್ಡಿಗಲ್ಲ. ವಿಂಡೋಸ್ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟನ್ನು 60ರಿಂದ 144ಕ್ಕೆ ನೀನೇ ಏರಿಸಬೇಕಾಗಬಹುದು.

ಶನಿವಾರದ ಒಳಗೆ ಮೂರು ವಿಷಯ ಕಳಿಸು: ಟೇಬಲ್ಲಿನ ಅಗಲ, ಸಾಕೆಟ್ಟಿನ ಮೀಟರ್ ಅಳತೆ, ಭಾವನ ಪಿಸಿಯ ರ್‍ಯಾಮ್ ಕಡ್ಡಿಯ ಫೋಟೋ. ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಉದ್ದ ಹಿಡಿಯುತ್ತದೋ ಎಂದು ನಾನು ನೋಡಿಡುತ್ತೇನೆ. ಅಂಗಡಿಯವನಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೇ? ಕೊಡಬೇಡ ಮಾರಾಯ. ಅಮ್ಮನಿಗೆ ನಮಸ್ಕಾರ ಹೇಳು, ಕಳೆದ ಸಲದ ನೀರುಳ್ಳಿ ಬಜೆಯ ಬಾಕಿ ಇನ್ನೂ ಉಂಟು ಅಂತಲೂ ಹೇಳು.

ನಿನ್ನ,
ಪ್ರಶಾಂತ
ಮಾಟುಂಗಾ, ಮುಂಬಯಿ